ರಫ್ತಾಗುವ ಸಿರಪ್‌ಗೆ ಸರ್ಕಾರಿ ಟೆಸ್ಟ್ ಕಡ್ಡಾಯ, ಛಿಂದ್ವಾಡದ ಮಗುವಿಗೆ?

2025ರ ಅಕ್ಟೋಬರ್ 3ರಂದು ಒಂದೇ ದಿನ ಎರಡು ಲ್ಯಾಬ್ ಫಲಿತಾಂಶಗಳು ಹೊರಬಿದ್ದವು. ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಮಕ್ಕಳು ಸತ್ತ ಮೇಲೆ ಸಂಗ್ರಹಿಸಿ ಪರೀಕ್ಷೆ ಮಾಡಿದ ಸಿರಪ್ ಮಾದರಿಗಳಲ್ಲಿ ಡೈಇಥಿಲೀನ್ ಗ್ಲೈಕಾಲ್ ಇಲ್ಲ ಅಂತ ಕೇಂದ್ರ ಆರೋಗ್ಯ ಸಚಿವಾಲಯ ಹೇಳಿತು. ರಾತ್ರಿಯ ಹೊತ್ತಿಗೆ ತಮಿಳುನಾಡಿನಿಂದ ಇನ್ನೊಂದು ವರದಿ ಬಂತು. ಕಾಂಚೀಪುರಂನ ಸ್ರೇಸನ್ ಫಾರ್ಮಾ ಕಾರ್ಖಾನೆಯಿಂದಲೇ ಎತ್ತಿದ 'ಕೋಲ್ಡ್‌ರಿಫ್' ಸಿರಪ್ಪಿನಲ್ಲಿ ಅದೇ ವಿಷ ಶೇ 48.6. ಅಂದರೆ 100 ಮಿಲಿಲೀಟರ್ ಔಷಧಿಯಲ್ಲಿ 48.6 ಗ್ರಾಂ. ಅಷ್ಟು ಹೊತ್ತಿಗೆ ಮಕ್ಕಳು ಒಬ್ಬೊಬ್ಬರಾಗಿ ಸಾಯತೊಡಗಿ ಒಂದು ತಿಂಗಳೇ ಆಗಿತ್ತು. ಕೊನೆಗೆ ಸತ್ತವರ ಸಂಖ್ಯೆ 20 ದಾಟಿತು.

ಇವೆರಡರಲ್ಲಿ ಒಂದು ಸರಿ, ಇನ್ನೊಂದು ಸುಳ್ಳು ಅಂದುಕೊಳ್ಳೋದು ಸುಲಭ. ತಾಂತ್ರಿಕವಾಗಿ ಎರಡೂ ಸರಿಯೇ ಇರಬಹುದು. ಎರಡು ಕಡೆಯವರು ಪರೀಕ್ಷಿಸಿದ ಬಾಟಲಿಗಳೇ ಬೇರೆ.

ಈ ವಿಷವನ್ನು ಹಿಡಿಯುವ ವಿದ್ಯೆಯ ಹೆಸರು ಕ್ರೊಮ್ಯಾಟೊಗ್ರಫಿ. ಹೈಸ್ಕೂಲಿನಲ್ಲಿ ಬ್ಲಾಟಿಂಗ್ ಪೇಪರ್ ಮೇಲೆ ಕಪ್ಪು ಇಂಕಿನ ಚುಕ್ಕೆ ಇಟ್ಟು, ತುದಿಯನ್ನು ನೀರಿಗೆ ಅದ್ದಿ, ಇಂಕು ನೀಲಿ, ಕೆಂಪು, ಹಳದಿಯಾಗಿ ಒಡೆಯೋದನ್ನು ನೋಡಿದ್ದರೆ ನಿಮಗೆ ಅರ್ಧ ವಿಷಯ ಗೊತ್ತು. 1903ರಲ್ಲಿ ವಾರ್ಸಾದಲ್ಲಿ ಮಿಖಾಯಿಲ್ ಸ್ವೆಟ್ ಎಂಬ ಸಸ್ಯವಿಜ್ಞಾನಿ ಎಲೆಯ ರಸವನ್ನು ಪುಡಿ ತುಂಬಿದ ಗಾಜಿನ ಕೊಳವೆಯಲ್ಲಿ ಇಳಿಸಿ ಬಣ್ಣಗಳನ್ನು ಬೇರ್ಪಡಿಸುವ ದಾರಿಯ ಬಗ್ಗೆ ಉಪನ್ಯಾಸ ಕೊಟ್ಟ. (ರಷ್ಯನ್ ಭಾಷೆಯಲ್ಲಿ ಅವನ ಹೆಸರಿನ ಅರ್ಥವೂ 'ಬಣ್ಣ'. ಇದು ನಾನು ಕಟ್ಟಿದ ಕತೆ ಅಲ್ಲ.) ಇವತ್ತು ಸಿರಪ್ ಪರೀಕ್ಷೆಗೆ ಬಳಸೋದು ಅದರ ಮೊಮ್ಮಗ, ಗ್ಯಾಸ್ ಕ್ರೊಮ್ಯಾಟೊಗ್ರಫಿ. ಮಾದರಿಯನ್ನು ಕಾಯಿಸಿ ಆವಿ ಮಾಡ್ತಾರೆ, ಹತ್ತಾರು ಮೀಟರ್ ಉದ್ದದ, ಕೂದಲಿನಷ್ಟು ಸಣ್ಣ ರಂಧ್ರದ ಕೊಳವೆಯೊಳಗೆ ಅನಿಲದ ಜೊತೆ ಓಡಿಸ್ತಾರೆ. ಮೆಜೆಸ್ಟಿಕ್‌ನಿಂದ ಒಟ್ಟಿಗೆ ಹೊರಟ ಬಸ್ಸುಗಳನ್ನು ನೆನಪಿಸಿಕೊಳ್ಳಿ. ನಾನ್‌ಸ್ಟಾಪ್ ಬೇಗ ಮುಟ್ಟುತ್ತೆ, ಎಲ್ಲ ಸ್ಟಾಪಲ್ಲೂ ನಿಲ್ಲುವ ಬಸ್ಸು ತಡವಾಗಿ ಬರುತ್ತೆ. ರಾಸಾಯನಿಕಗಳೂ ಹಾಗೇ, ಒಂದೊಂದು ತನ್ನದೇ ಸಮಯಕ್ಕೆ ಹೊರಬರುತ್ತದೆ. ಕೊನೆಯಲ್ಲಿ ಒಂದು ಪುಟ್ಟ ಜ್ವಾಲೆ ಇರುತ್ತದೆ. ಹೊರಬಂದ ವಸ್ತು ಅದರಲ್ಲಿ ಉರಿದಾಗ ಹುಟ್ಟುವ ವಿದ್ಯುತ್ತನ್ನು ಅಳೆದರೆ ಪರದೆಯ ಮೇಲೆ ಒಂದು ಶಿಖರ ಮೂಡುತ್ತೆ. ಎಷ್ಟು ವಿಷವೋ ಅಷ್ಟು ದೊಡ್ಡ ಶಿಖರ.

ಆ ಸಪೂರ ಕೊಳವೆಯ ಸಿದ್ಧಾಂತ ಮತ್ತು ಆ ಜ್ವಾಲೆಯ ಡಿಟೆಕ್ಟರ್, ಎರಡೂ 1958ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಒಂದೇ ವಿಜ್ಞಾನ ಸಮ್ಮೇಳನದಲ್ಲಿ ಮಂಡನೆಯಾದವು. ಮಾರ್ಸೆಲ್ ಗೋಲೆ ಕೊಳವೆಯ ಲೆಕ್ಕ ತಂದ, ಮೆಕ್‌ವಿಲಿಯಂ ಮತ್ತು ಡೆವರ್ ಜ್ವಾಲೆ ತಂದರು. ವಿಜ್ಞಾನ ಸಮ್ಮೇಳನ ಅಂದರೆ ಊಟ, ಗ್ರೂಪ್ ಫೋಟೊ, ಬ್ಯಾಗು ಅಂತ ನಗಾಡುವವರಿಗೆ ಇದು ಗೊತ್ತಿರಲಿ. ಮೊದಲಿಗೆ ಐದಾರು ಜನರಿಗಷ್ಟೇ ಗೊತ್ತಿರುವ ವಿಧಾನವನ್ನು ಬೇರೆಯವರು ಪ್ರಶ್ನೆ ಕೇಳಿ, ತಮ್ಮ ಲ್ಯಾಬಲ್ಲಿ ಮಾಡಿ ನೋಡಿ, ನಂಬಲು ಶುರು ಮಾಡೋದು ಇಂಥ ಕಡೆಯೇ. ಅಮೆರಿಕದಲ್ಲಿ ಪಿಟ್‌ಕಾನ್ 1950ರಿಂದ ನಡೀತಿದೆ. ಲಿಕ್ವಿಡ್ ಕ್ರೊಮ್ಯಾಟೊಗ್ರಫಿಯ ಎಚ್‌ಪಿಎಲ್‌ಸಿ ಸಮ್ಮೇಳನ ಸರಣಿ 1973ರಲ್ಲಿ ಸ್ವಿಟ್ಜರ್ಲೆಂಡಿನ ಇಂಟರ್‌ಲೇಕನ್‌ನಲ್ಲಿ ಶುರುವಾಯಿತು.

ಈಗ ಇಂಥ ವೇದಿಕೆಗಳಲ್ಲಿ ಚಪ್ಪಾಳೆ ಬೀಳೋದು ಯಾವುದಕ್ಕೆ? ಎರಡು ಆಯಾಮದ ಕ್ರೊಮ್ಯಾಟೊಗ್ರಫಿ, ಸಾವಿರಾರು ಪ್ರೋಟೀನುಗಳನ್ನು ಒಂದೇ ಓಟದಲ್ಲಿ ಎಣಿಸುವ ಮಾಸ್ ಸ್ಪೆಕ್ಟ್ರೋಮೀಟರು, ನೀರಿನಲ್ಲಿ ಲಕ್ಷ ಕೋಟಿಯಲ್ಲಿ ಒಂದು ಭಾಗದಷ್ಟು 'ಶಾಶ್ವತ ರಾಸಾಯನಿಕ' ಹಿಡಿಯುವ ವಿಧಾನ. ಹಾಲ್‌ನ ಹೊರಗೆ ಉಪಕರಣ ಕಂಪನಿಗಳ ಮಳಿಗೆಗಳು. ಇದೆಲ್ಲ ಬೇಕು, ನನಗೆ ತಕರಾರಿಲ್ಲ. ಆದರೆ ಛಿಂದ್ವಾಡಕ್ಕೆ ಇದರಲ್ಲಿ ಯಾವುದೂ ಬೇಕಿರಲಿಲ್ಲ. ಡೈಇಥಿಲೀನ್ ಗ್ಲೈಕಾಲ್‌ಗೆ ಒಪ್ಪಿತ ಮಿತಿ ಶೇ 0.1. ಸಿಕ್ಕಿದ್ದು ಅದರ 486 ಪಟ್ಟು. ಇಷ್ಟು ದೊಡ್ಡ ಆನೆಯನ್ನು ಹುಡುಕಲು ಸೂಕ್ಷ್ಮದರ್ಶಕ ಯಾಕೆ? ಗಾಜಿನ ತಟ್ಟೆಯ ಮೇಲೆ ಚುಕ್ಕೆ ಇಟ್ಟು ನೋಡುವ ತೆಳುಪದರ ಕ್ರೊಮ್ಯಾಟೊಗ್ರಫಿ, ಅಂದರೆ ನಮ್ಮ ಬ್ಲಾಟಿಂಗ್ ಪೇಪರಿನ ಅಣ್ಣ, ಸಾಕಿತ್ತು. ಗ್ಯಾಂಬಿಯಾದ ದುರಂತದ ನಂತರ ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ಪರೀಕ್ಷಾ ವಿಧಾನವೂ ಇದೇ ತರ್ಕದ್ದು: ಮೊದಲು ಅಗ್ಗದ ತೆಳುಪದರದಲ್ಲಿ ಜಾಲಾಡಿ, ಅನುಮಾನ ಬಂದದ್ದನ್ನು ಗ್ಯಾಸ್ ಕ್ರೊಮ್ಯಾಟೊಗ್ರಫಿಯಲ್ಲಿ ಖಚಿತ ಮಾಡಿ. ಇಡೀ ದಶಕದಲ್ಲಿ ಈ ಕ್ಷೇತ್ರದಲ್ಲಿ ಬಂದ ಅತಿ ಮುಖ್ಯ ವಿಧಾನಗಳಲ್ಲಿ ಇದೊಂದು ಅಂತ ನನ್ನ ಅಭಿಪ್ರಾಯ. ಯಾವ ಕಂಪನಿಯೂ ಇದಕ್ಕೆ ಮಳಿಗೆ ಹಾಕಲ್ಲ, ಯಾಕಂದ್ರೆ ಇದರಲ್ಲಿ ಮಾರೋಕೆ ದೊಡ್ಡ ಯಂತ್ರವೇ ಇಲ್ಲ.

ಗ್ಯಾಂಬಿಯಾ ಅಂದೆ. 2022ರಲ್ಲಿ ಅಲ್ಲಿ ಸುಮಾರು 70 ಮಕ್ಕಳು ಸತ್ತರು, ಬೊಟ್ಟು ಹರಿಯಾಣದ ಮೇಡನ್ ಫಾರ್ಮಾದ ಸಿರಪ್‌ಗಳ ಕಡೆ ಹೋಯಿತು. ವಿಶ್ವ ಆರೋಗ್ಯ ಸಂಸ್ಥೆ ಘಾನಾ ಮತ್ತು ಸ್ವಿಟ್ಜರ್ಲೆಂಡಿನ ಲ್ಯಾಬ್‌ಗಳಲ್ಲಿ ಪರೀಕ್ಷಿಸಿ ವಿಷ ಇದೆ ಅಂದಿತು. ಭಾರತ ಸರ್ಕಾರ ಕಾರ್ಖಾನೆಯಲ್ಲಿ ಎತ್ತಿಟ್ಟಿದ್ದ ಮಾದರಿಗಳನ್ನು ಚಂಡೀಗಢದಲ್ಲಿ ಪರೀಕ್ಷಿಸಿ ಇಲ್ಲ ಅಂದಿತು. ಮತ್ತೆ ಅದೇ ಕತೆ, ಬೇರೆ ಬೇರೆ ಬಾಟಲಿ. ಕ್ರೊಮ್ಯಾಟೊಗ್ರಫಿ ಯಂತ್ರಕ್ಕೆ ನೀವು ಏನು ಚುಚ್ಚಿದಿರೋ ಅದರ ಬಗ್ಗೆ ಮಾತ್ರ ಅದು ಸಾಕ್ಷಿ ಹೇಳುತ್ತೆ. ಬಾಟಲಿಯನ್ನು ಎಲ್ಲಿಂದ, ಯಾರು, ಯಾವಾಗ ಎತ್ತಿದರು ಅನ್ನೋದು ಆಡಳಿತದ ಪ್ರಶ್ನೆ, ಅಂದರೆ ರಾಜಕೀಯದ ಪ್ರಶ್ನೆ.

ಆ ರಾಜಕೀಯ ಹೇಗಿದೆ ನೋಡಿ. ಗ್ಯಾಂಬಿಯಾ, ಉಜ್ಬೆಕಿಸ್ತಾನಗಳಲ್ಲಿ ಮಾನ ಹೋದ ಮೇಲೆ ಕೇಂದ್ರ ಸರ್ಕಾರ ಒಂದು ಆದೇಶ ತಂತು. 2023ರ ಜೂನ್ 1ರಿಂದ ಕೆಮ್ಮಿನ ಸಿರಪ್ ರಫ್ತು ಮಾಡಬೇಕಾದರೆ ಸರ್ಕಾರ ಮಾನ್ಯ ಮಾಡಿದ ಲ್ಯಾಬಿನಲ್ಲಿ ಪರೀಕ್ಷಿಸಿ ಪ್ರಮಾಣಪತ್ರ ಪಡೆಯಲೇಬೇಕು. ಒಳ್ಳೆಯ ಆದೇಶ. ಆದರೆ ಅದು ರಫ್ತಿಗೆ ಮಾತ್ರ. ಹಡಗು ಹತ್ತುವ ಬಾಟಲಿಗೆ ಸರ್ಕಾರಿ ಕಣ್ಣು, ಛಿಂದ್ವಾಡದ ಮೆಡಿಕಲ್ ಶಾಪಿಗೆ ಹೋಗುವ ಬಾಟಲಿಗೆ ಕಾರ್ಖಾನೆಯವರ ಮಾತೇ ಪ್ರಮಾಣ. ಅದೇ ಅಣು, ಅದೇ ಯಂತ್ರ, ಎರಡು ಕ್ಯೂ. ಈ ವಿಷ ನಮಗೇನು ಹೊಸದೂ ಅಲ್ಲ. 1986ರಲ್ಲಿ ಮುಂಬೈನ ಜೆ.ಜೆ. ಆಸ್ಪತ್ರೆಯಲ್ಲಿ 14 ಜನ ಸತ್ತದ್ದು ಇದರಿಂದಲೇ, 1998ರಲ್ಲಿ ಗುರುಗ್ರಾಮದ ಮಕ್ಕಳು, 2020ರಲ್ಲಿ ಜಮ್ಮುವಿನ ರಾಮನಗರದ ಮಕ್ಕಳು. ಕಾಂಚೀಪುರಂನ ಕಾರ್ಖಾನೆಯಲ್ಲಿ ತಪಾಸಣೆ ನಡೆದಾಗ 300ಕ್ಕೂ ಹೆಚ್ಚು ಲೋಪಗಳು ಸಿಕ್ಕವು. ಅಷ್ಟೂ ಲೋಪಗಳು ಒಂದೇ ವಾರದಲ್ಲಿ ಹುಟ್ಟಿದವಾ?

ನಮ್ಮ ರಾಜ್ಯಕ್ಕೆ ಬರೋಣ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಸತ್ತಾಗ ಅನುಮಾನ ಹೋದದ್ದು ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ಅದರ ಪರೀಕ್ಷೆಗಳು ಬೇರೆ ಬಗೆಯವು, ಕ್ರೊಮ್ಯಾಟೊಗ್ರಫಿಗೆ ಸಂಬಂಧವಿಲ್ಲ. ಆದರೂ ಇಲ್ಲಿ ಹೇಳೋಕೆ ಕಾರಣವಿದೆ. ಆ ಕಂಪನಿಯ ಕೆಲವು ಬ್ಯಾಚುಗಳನ್ನು ನಮ್ಮ ರಾಜ್ಯದ ಲ್ಯಾಬ್ ಕಳಪೆ ಅಂದಿದ್ದರೆ, ಕೇಂದ್ರದ ಲ್ಯಾಬ್ ಸರಿಯಿದೆ ಅಂದಿತ್ತು. ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ ರಾಜ್ಯದ ವರದಿಯನ್ನು 28 ದಿನಗಳೊಳಗೆ ಪ್ರಶ್ನಿಸಬಹುದು, ಆಮೇಲೆ ಕೇಂದ್ರ ಲ್ಯಾಬಿನ ಮಾತೇ ಅಂತಿಮ. ಎರಡು ಲ್ಯಾಬ್ ಯಾಕೆ ಬೇರೆ ಉತ್ತರ ಕೊಟ್ಟವು ಅಂತ ಕೂತು ಪತ್ತೆ ಹಚ್ಚುವ ಕೆಲಸವನ್ನು ಆ ಸೆಕ್ಷನ್ ಯಾರಿಗೂ ವಹಿಸಿಲ್ಲ.

ವಿಜ್ಞಾನದಲ್ಲಿ ಇದಕ್ಕೆ ಹಳೆಯ ಮದ್ದು ಇದೆ. ಒಂದೇ ಮಾದರಿಯನ್ನು ಗುಟ್ಟಾಗಿ ಹತ್ತಾರು ಲ್ಯಾಬ್‌ಗಳಿಗೆ ಕಳಿಸಿ, ಯಾರ ಉತ್ತರ ಎಷ್ಟು ತಪ್ಪಿತು ಅಂತ ಪಟ್ಟಿ ಹಾಕೋದು. ಬೆಂಗಳೂರಿನ ಸರ್ಕಾರಿ ಔಷಧ ಲ್ಯಾಬ್, ಹುಬ್ಬಳ್ಳಿ, ಬಳ್ಳಾರಿ, ಚೆನ್ನೈ, ಭೋಪಾಲ್, ಎಲ್ಲರ ಅಂಕಪಟ್ಟಿಯೂ ಸಾರ್ವಜನಿಕವಾಗಿ ಸಿಗಬೇಕು. ವಿಶ್ಲೇಷಣಾ ವಿಧಾನಗಳ ಸಮ್ಮೇಳನ ನಡೆಸುವವರು ಒಂದು ಪೂರ್ತಿ ದಿನ ಇದಕ್ಕೆ ಕೊಡಲಿ, ಸರ್ಕಾರಿ ಅನಲಿಸ್ಟ್‌ಗಳನ್ನು ಫೀಸು ಇಲ್ಲದೆ ಕರೆಯಲಿ. ಮಾದರಿ ಎತ್ತುವ ಡ್ರಗ್ಸ್ ಇನ್‌ಸ್ಪೆಕ್ಟರನ್ನೂ ಕರೆಯಲಿ, ಯಾಕಂದ್ರೆ ಪ್ರಯೋಗ ಶುರುವಾಗೋದು ಅವರ ಕೈಯಲ್ಲಿ.

ಇಂಜಿನಿಯರಿಂಗ್ ಓದಿದವನಾಗಿ ಒಂದು ಮಾತು. ಯಂತ್ರ ಖರೀದಿಗೆ ರಿಬ್ಬನ್ ಕತ್ತರಿಸಲು ಮಂತ್ರಿಗಳು ಬರ್ತಾರೆ. ಆಮೇಲೆ ಅನಿಲದ ಸಿಲಿಂಡರು, ಸವೆದ ಕೊಳವೆ, ಹೋಲಿಕೆಗೆ ಬೇಕಾದ ಶುದ್ಧ ರಾಸಾಯನಿಕ, ವಾರ್ಷಿಕ ನಿರ್ವಹಣೆಯ ಗುತ್ತಿಗೆ, ಇದಕ್ಕೆಲ್ಲ ಪ್ರತಿ ವರ್ಷ ದುಡ್ಡು ಬೇಕು. ಯಂತ್ರದ ಮುಂದೆ ಕೂರುವ ಕಾಯಂ ನೌಕರರು ಬೇಕು. ಬಜೆಟ್ ಭಾಷಣದಲ್ಲಿ ಇದರ ಸುದ್ದಿ ಬಂದರೆ ಯಾರೂ ಮೇಜು ಕುಟ್ಟಲ್ಲ.

ಛಿಂದ್ವಾಡದ ವಿಷಯದಲ್ಲಿ ತಮಿಳುನಾಡಿಗೆ ಮನವಿ ಹೋದದ್ದು ಅಕ್ಟೋಬರ್ 1ಕ್ಕೆ, ಉತ್ತರ ಬಂದದ್ದು 3ರ ರಾತ್ರಿಗೆ, ಅದೂ ಆಯುಧಪೂಜೆ, ಗಾಂಧಿ ಜಯಂತಿ ರಜೆಯ ನಡುವೆ. ಹಾಗಾದರೆ ಆಗುತ್ತೆ ಅಂತಾಯ್ತು. ನಿಮ್ಮ ಜಿಲ್ಲೆಯಲ್ಲಿ ಕಳೆದ ವರ್ಷ ಎಷ್ಟು ಸಿರಪ್ ಮಾದರಿ ಎತ್ತಿದರು, ಎತ್ತಿದ ದಿನದಿಂದ ವರದಿ ಬರೋಕೆ ಎಷ್ಟು ದಿನ ಹಿಡೀತು, ವರದಿ ಬರುವಷ್ಟರಲ್ಲಿ ಆ ಬ್ಯಾಚಿನಲ್ಲಿ ಎಷ್ಟು ಬಾಟಲಿ ಮಾರಾಟವಾಗಿತ್ತು, ಈ ಮೂರನ್ನು ಕೇಳಿ ಒಂದು ಆರ್‌ಟಿಐ ಅರ್ಜಿ ಹಾಕಬಹುದು. ಶುಲ್ಕ 10 ರೂಪಾಯಿ.