ಶಿಕಾರಿಪುರ, ಸೊರಬ: ಯಾರ ಅಲೆ?

ಮಧ್ಯಾವಧಿ ಚುನಾವಣೆಯೆಂದೊಡನೆ ಪಕ್ಷದ ‘ಅಲೆ’ಯನ್ನು ಅಳೆಯಹೊರಡುವವರಿಗೆ ನಾವು ಶಿಕಾರಿಪುರ ಮತ್ತು ಸೊರಬಗಳನ್ನು ನೆನಪಿಸಬಯಸುತ್ತೇವೆ. 1985ರಲ್ಲಿ ಭಾರತೀಯ ಜನತಾ ಪಕ್ಷದ ಬಲವು 18ರಿಂದ 2ಕ್ಕೆ ಕುಸಿದಾಗಲೂ ಶಿಕಾರಿಪುರವು ಬಿ.ಎಸ್. ಯಡಿಯೂರಪ್ಪನವರ ಕೈಬಿಡಲಿಲ್ಲ. ನೆರೆಯ ಸೊರಬದಲ್ಲಿ ಎಸ್. ಬಂಗಾರಪ್ಪನವರು 1967ರಿಂದಲೂ ಗೆಲ್ಲುತ್ತಿದ್ದರು. ಅವರ ಪಕ್ಷ ಬದಲಾದರೂ ಕ್ಷೇತ್ರದ ಮನಸ್ಸು ಬದಲಾಗಲಿಲ್ಲ.

2008ರ ಮಧ್ಯಾವಧಿ ಚುನಾವಣೆ ಇನ್ನೂ ವಿಚಿತ್ರ. ಬಂಗಾರಪ್ಪನವರು ಸಮಾಜವಾದಿ ಪಕ್ಷದಿಂದ ಶಿಕಾರಿಪುರಕ್ಕೇ ಬಂದು, ಕಾಂಗ್ರೆಸ್ ಮತ್ತು ಜಾತ್ಯತೀತ ಜನತಾದಳದ ಬೆಂಬಲವಿದ್ದೂ ಸೋತರು. ಅತ್ತ ಸೊರಬದಲ್ಲಿ ಅವರ ಪುತ್ರರಾದ ಕುಮಾರ್ ಮತ್ತು ಮಧು ಪರಸ್ಪರ ಸ್ಪರ್ಧಿಸಿದರು. ಗೆದ್ದವರು ಭಾಜಪದ ಹರತಾಳು ಹಾಲಪ್ಪ. ಒಂದೇ ಪಕ್ಷಕ್ಕೆ ಒಂದೆಡೆ ವಿರೋಧಿಗಳ ಒಗ್ಗಟ್ಟು ಅಡ್ಡಿಯಾಗಲಿಲ್ಲ, ಇನ್ನೊಂದೆಡೆ ಅವರ ಮನೆಯ ಒಡಕು ವರವಾಯಿತು. ಇದನ್ನು ಅಲೆಯೆನ್ನಲು ನಮಗೆ ಸಂಕೋಚ.

ಸೊರಬವು 2013ರಲ್ಲಿ ಮಧು ಅವರಿಗೆ, 2018ರಲ್ಲಿ ಭಾಜಪ ಸೇರಿದ್ದ ಕುಮಾರ್ ಅವರಿಗೆ, 2023ರಲ್ಲಿ ಕಾಂಗ್ರೆಸ್ಸಿನ ಮಧು ಅವರಿಗೆ ಒಲಿಯಿತು. ಬಗರ್‌ಹುಕುಂ ರೈತನು ಹಕ್ಕುಪತ್ರದ ಪ್ರಶ್ನೆಯನ್ನು ಅಣ್ಣನಿಗೆ ಕೇಳಬೇಕೇ, ತಮ್ಮನಿಗೆ ಕೇಳಬೇಕೇ? ಮನೆತನವನ್ನೇ ನೆಚ್ಚುವ ಪಕ್ಷಗಳು ಶಿಕಾರಿಪುರದ ಅಂಕಿಗಳನ್ನೂ ಗಮನಿಸಲಿ: 2018ರಲ್ಲಿ ತಂದೆಗೆ 35 ಸಾವಿರ ದಾಟಿದ್ದ ಅಂತರ, 2023ರಲ್ಲಿ ಪಕ್ಷೇತರನೊಬ್ಬನ ಎದುರು ಮಗ ಬಿ.ವೈ. ವಿಜಯೇಂದ್ರರಿಗೆ ಸುಮಾರು 11 ಸಾವಿರಕ್ಕೆ ಇಳಿಯಿತು.