ದುಡಿದು ಬಂದವರಿಗೆ ಅಫಿಡವಿಟ್ ಏಕೆ?

ಕಳೆದ ವರ್ಷ ಪ್ರವೇಶಾತಿ ನಡೆಯುತ್ತಿದ್ದಾಗ ನಾನು ಪಾಠ ಮಾಡುವ ಪ್ರಥಮ ದರ್ಜೆ ಕಾಲೇಜಿನ ಕೌಂಟರಿಗೆ ಒಬ್ಬ ಹುಡುಗಿ ಬಂದಳು. ಪಿಯುಸಿ ಮುಗಿದು 2 ವರ್ಷವಾಗಿತ್ತು. ಅಂಕಪಟ್ಟಿ, ಟಿ.ಸಿ., ಜಾತಿ-ಆದಾಯ ಪ್ರಮಾಣಪತ್ರ ಎಲ್ಲವನ್ನೂ ಪ್ಲಾಸ್ಟಿಕ್ ಫೈಲಿನಲ್ಲಿ ಜೋಡಿಸಿ ತಂದಿದ್ದಳು. ಗುಮಾಸ್ತರು ಪಾಸಾದ ವರ್ಷ ನೋಡಿದವರೇ ಫೈಲನ್ನು ಹಿಂದಕ್ಕೆ ಸರಿಸಿ, "ಗ್ಯಾಪ್ ಇದೆ, ಅಫಿಡವಿಟ್ ಮಾಡಿಸ್ಕೊಂಡು ಬಾ" ಅಂದರು. ತಾಲ್ಲೂಕು ಕಚೇರಿ ಎದುರಿನ ನೋಟರಿ ಬಳಿ ಹೋಗಿ, 100 ರೂಪಾಯಿಯ ಇ-ಸ್ಟಾಂಪ್ ಕಾಗದದಲ್ಲಿ ಟೈಪು ಮಾಡಿಸಿ, ಸಂಜೆಯ ಹೊತ್ತಿಗೆ ಬಂದಳು. ನಾನೇ ತೆಗೆದುಕೊಂಡು ಓದಿದೆ. ಈ ಅವಧಿಯಲ್ಲಿ ತಾನು ಬೇರೆ ಯಾವ ಕಾಲೇಜಿಗೂ ಸೇರಿಲ್ಲ, ಯಾವ ಅಪರಾಧ ಪ್ರಕರಣದಲ್ಲೂ ಭಾಗಿಯಾಗಿಲ್ಲ ಎಂದು ಪ್ರಮಾಣ ಮಾಡಿ ಸಹಿ ಹಾಕಿದ್ದಳು.

"ಎರಡು ವರ್ಷ ಏನ್ ಮಾಡ್ತಿದ್ದೆಯಮ್ಮ?"

"ಮೆಡಿಕಲ್ ಶಾಪಲ್ಲಿ ಕೆಲಸಕ್ಕಿದ್ದೆ ಸರ್. ಅಪ್ಪಂಗೆ ಹುಷಾರಿರ್ಲಿಲ್ಲ."

ಅಫಿಡವಿಟ್‌ನಲ್ಲಿ ಆ ಮಾತು ಎಲ್ಲೂ ಇರಲಿಲ್ಲ. ಅವಳು ಮಾಡದೇ ಇದ್ದದ್ದರ ಪಟ್ಟಿ ನಮಗೆ ಬೇಕಾಗಿತ್ತು, ಮಾಡಿದ ಕೆಲಸ ಬೇಕಾಗಿರಲಿಲ್ಲ.

ಅದೇ ಸಾಲಿನಲ್ಲಿ ನಿಂತಿದ್ದ ಇನ್ನೊಬ್ಬ ಹುಡುಗ ನೀಟ್ 'ಲಾಂಗ್ ಟರ್ಮ್' ಕೋಚಿಂಗ್ ಮಾಡಿ, ಸೀಟು ಸಿಗದೆ ಬಂದವನು. ಅವನ ಬಗ್ಗೆ ಎಲ್ಲರಿಗೂ ಕನಿಕರ, "ಪಾಪ, ಕಷ್ಟಪಟ್ಟು ಓದಿದಾನೆ" ಎಂಬ ಮಾತು. ಅವನ ಶ್ರಮವನ್ನು ನಾನು ಹಗುರ ಮಾಡುತ್ತಿಲ್ಲ. ಆದರೆ ಮನೆಯವರು ದುಡ್ಡು ಕಟ್ಟಿ ಕೋಚಿಂಗ್‌ಗೆ ಕಳಿಸಿದ ವರ್ಷ ಓದಿನ ಲೆಕ್ಕಕ್ಕೆ ಬರುವುದಾದರೆ, ಮನೆಗೆ ದುಡ್ಡು ತಂದುಕೊಟ್ಟ ವರ್ಷ ಯಾಕೆ ಖಾಲಿ ವರ್ಷವಾಗಬೇಕು? ಈ ತಾರತಮ್ಯ ನನ್ನನ್ನು ತುಂಬ ಕಾಡುತ್ತದೆ.

ಅಫಿಡವಿಟ್ ಕೇಳುವವರ ವಾದ ನನಗೆ ಗೊತ್ತು. ಒಬ್ಬರೇ ಎರಡು ಕಡೆ ದಾಖಲಾಗಬಾರದು ಎನ್ನುತ್ತಾರೆ. ಒಪ್ಪಿದೆ. ಆದರೆ ಬೇರೆ ಕಾಲೇಜಿಗೆ ಸೇರಿದ್ದರೆ ಪಿಯು ಕಾಲೇಜಿನ ಟಿ.ಸಿ. ಮೂಲಪ್ರತಿ ಅಲ್ಲಿ ಕೊಟ್ಟಿರಬೇಕಿತ್ತು. ಅದು ಅವಳ ಫೈಲಿನಲ್ಲೇ ಇದೆ. ರಾಜ್ಯದ ವಿಶ್ವವಿದ್ಯಾಲಯಗಳ ಪದವಿ ಪ್ರವೇಶ ಈಗ ಯುಯುಸಿಎಂಎಸ್ ಎಂಬ ಒಂದೇ ಪೋರ್ಟಲ್‌ನಲ್ಲಿ ನಡೆಯುತ್ತದೆ; ಎರಡು ಕಡೆ ಸೇರಿದ್ದರೆ ಅಲ್ಲೇ ನೋಡಿಕೊಳ್ಳಬಹುದು. ಇಷ್ಟಿದ್ದೂ ನೋಟರಿ ಮುದ್ರೆಯೇ ಬೇಕು ಅನ್ನುವುದು ಹಳೆಯ ರೂಢಿ ಬಿಡಲಾರದ ಆಫೀಸಿನ ಹಟ. ಕೈಗೆ ಸಂಬಳ ಬಂದ ಮೇಲೆ ಮಕ್ಕಳು ಪುಸ್ತಕ ಹಿಡಿಯುವುದಿಲ್ಲ ಎಂದು ಇನ್ನು ಕೆಲವರು ಹೇಳುತ್ತಾರೆ. ಹಿಡಿಯದವರೂ ಇದ್ದಾರೆ, ನಿಜ. ಆದರೆ ಕೌಂಟರಿನ ಮುಂದೆ ಫೈಲು ಹಿಡಿದು ನಿಂತವಳು ಪುಸ್ತಕ ಹಿಡಿಯಲೆಂದೇ ವಾಪಸು ಬಂದವಳಲ್ಲವೇ?

ಇದು ನಮ್ಮ ಕಾಲೇಜೊಂದರ ಮಾತಲ್ಲ. ಐಐಟಿಗೆ ದಾರಿಯಾದ ಜೆಇಇ ಅಡ್ವಾನ್ಸ್‌ಡ್ ಬರೆಯಬೇಕಾದರೆ ಪಿಯುಸಿ ಪರೀಕ್ಷೆಗೆ ಮೊದಲ ಸಲ ಕೂತದ್ದು ಅದೇ ವರ್ಷ ಇಲ್ಲವೇ ಅದರ ಹಿಂದಿನ ವರ್ಷ ಆಗಿರಬೇಕು. ಮನೆಯ ಸಾಲ ತೀರಿಸಲು 2 ವರ್ಷ ದುಡಿದ ಹುಡುಗನಿಗೆ ಆ ಬಾಗಿಲು ಮುಚ್ಚಿಯೇ ಹೋಯಿತು. ಪದವಿ ಮುಗಿಸಿದ ಮೇಲೂ ಗ್ಯಾಪ್ ಬೆನ್ನು ಬಿಡುವುದಿಲ್ಲ. ಕ್ಯಾಂಪಸ್ ಆಯ್ಕೆಗೆ ಬರುವ ಎಷ್ಟೋ ಕಂಪನಿಗಳು ಓದಿನಲ್ಲಿ ಇಷ್ಟು ವರ್ಷಕ್ಕಿಂತ ಹೆಚ್ಚು ಅಂತರ ಇರಕೂಡದು ಎಂದು ಷರತ್ತು ಹಾಕುತ್ತವೆ. ಕೆಲಸ ಕೊಡಲು ಬಂದವರೇ ಕೆಲಸ ಮಾಡಿ ಬಂದವರನ್ನು ಬೇಡ ಅನ್ನುವುದು ಅನ್ಯಾಯ.

ಕಾಗದದ ಮೇಲೆ ನಮ್ಮ ದೇಶ ಬೇರೆಯದನ್ನೇ ಹೇಳುತ್ತದೆ. ಓದು ನಿಲ್ಲಿಸಿ ಮತ್ತೆ ಮುಂದುವರಿಸುವ ಅವಕಾಶದ ಬಗ್ಗೆ 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮಾತಾಡಿತು. 2023ರಲ್ಲಿ ಬಂದ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಕೆಲಸದ ಅನುಭವಕ್ಕೂ ಕ್ರೆಡಿಟ್ ಕೊಡಬಹುದು ಎಂದಿತು. ಕರ್ನಾಟಕ ಆ ನೀತಿಯ 4 ವರ್ಷದ ಪದವಿಯನ್ನು 2024ರಲ್ಲಿ ಕೈಬಿಟ್ಟು 3 ವರ್ಷಕ್ಕೆ ಮರಳಿದ್ದು ಸರಿಯೋ ತಪ್ಪೋ, ಆ ಜಗಳ ಬೇರೆ. ಕೆಲಸದ ಅನುಭವಕ್ಕೆ ಬೆಲೆ ಕೊಡಲು ಪದವಿ ಎಷ್ಟು ವರ್ಷದ್ದಾದರೇನು?

ಆ ಹುಡುಗಿ ಈಗ ನನ್ನ ಬಿ.ಕಾಂ. ತರಗತಿಯಲ್ಲಿದ್ದಾಳೆ. ಒಂದು ದಿನ ಕ್ರೆಡಿಟ್ ನೋಟ್ ಬಗ್ಗೆ ಪಾಠ ಮಾಡುತ್ತಿದ್ದೆ. ಪುಸ್ತಕದ ಉದಾಹರಣೆ ಯಾರಿಗೂ ತಲೆಗೆ ಹತ್ತಲಿಲ್ಲ. ಅವಳು ಎದ್ದು ನಿಂತು, ಎಕ್ಸ್‌ಪೈರಿ ಆದ ಮಾತ್ರೆಗಳನ್ನು ತಿಂಗಳ ಕೊನೆಗೆ ಹೇಗೆ ಬೇರೆ ಡಬ್ಬಿಗೆ ಹಾಕಿಡುತ್ತಿದ್ದರು, ಬ್ಯಾಚ್ ನಂಬರ್ ಬರೆದು ಡಿಸ್ಟ್ರಿಬ್ಯೂಟರ್‌ಗೆ ಹೇಗೆ ವಾಪಸು ಕಳಿಸುತ್ತಿದ್ದರು, ಅವರು ಕೊಟ್ಟ ಕ್ರೆಡಿಟ್ ನೋಟನ್ನು ಮುಂದಿನ ಬಿಲ್ಲಿನಲ್ಲಿ ಹೇಗೆ ಕಳೆಯುತ್ತಿದ್ದರು ಎಂದು ಬಿಡಿಸಿ ಹೇಳಿದಳು. ಹಿಂದಿನ ಬೆಂಚಿನವರೂ ಪೆನ್ನು ತೆಗೆದು ಬರೆದುಕೊಂಡರು.

ಮುಂದಿನ ಮೇ ತಿಂಗಳಲ್ಲಿ ಕಾಲೇಜಿನಲ್ಲಿ ಮತ್ತೆ ಪ್ರವೇಶದ ಅರ್ಜಿ ಹಂಚುತ್ತೇವೆ. ಟಿ.ಸಿ. ಮೂಲಪ್ರತಿ ತಂದವರಿಗೆ ಅಫಿಡವಿಟ್ ಬೇಡ ಎಂದು ಕಾಲೇಜು ಶಿಕ್ಷಣ ಇಲಾಖೆ ಅಷ್ಟರೊಳಗೆ ಒಂದು ಸುತ್ತೋಲೆ ಕಳಿಸಲಿ. ಅರ್ಜಿಯಲ್ಲಿ 'ಗ್ಯಾಪ್‌ಗೆ ಕಾರಣ' ಎಂದು ಕೇಳುವ ಜಾಗದಲ್ಲಿ 'ಕೆಲಸದ ಅನುಭವ' ಎಂದು ಅಚ್ಚಾಗಲಿ. ಅದರ ಕೆಳಗೆ ಬರೆಯಲು ನಾಲ್ಕು ಗೆರೆ ಜಾಗವೂ ಇರಲಿ.