ಮಗುವಿನ ಮಣಿಕಟ್ಟಿಗೂ ಭ್ರೂಣಲಿಂಗ ಕಾನೂನಿಗೂ ಏನು ನಂಟು?

ಸೈಕಲ್‌ನಿಂದ ಬಿದ್ದ ಏಳು ವರ್ಷದ ಹುಡುಗ ನೋಯುವ ಎಡಗೈಯನ್ನು ಬಲಗೈಯಿಂದ ಎತ್ತಿ ಹಿಡಿದು ಅಪ್ಪನ ತೊಡೆಯ ಮೇಲೆ ಕೂತಿದ್ದಾನೆ. ಎಕ್ಸ್‌ರೇ ಕೋಣೆ ಕಟ್ಟಡದ ಇನ್ನೊಂದು ತುದಿಯಲ್ಲಿದೆ. ತಂತ್ರಜ್ಞರು ಊಟಕ್ಕೆ ಹೋಗಿದ್ದಾರೆ. ತಾಲ್ಲೂಕು ಆಸ್ಪತ್ರೆ ಕಂಡವರಿಗೆ ಇದು ಹೊಸ ದೃಶ್ಯವಲ್ಲ. ಕಾದು ಸಾಕಾದವರು ಅಲ್ಲಿಂದೆದ್ದು ನಾಟಿ ಮೂಳೆ ವೈದ್ಯರ ‘ಪುತ್ತೂರು ಕಟ್ಟು’ ಬೋರ್ಡು ಹುಡುಕಿಕೊಂಡು ಹೋಗುವುದೂ ಉಂಟು.

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನ ವೈದ್ಯರು ಇಂಥ ಮಕ್ಕಳಿಗೆ ಮೊದಲು ಅಲ್ಟ್ರಾಸೌಂಡ್ ಮಾಡಿ ನೋಡಿದರು. ಮುಂಗೈಗೆ ಪೆಟ್ಟಾದ, ಆದರೆ ಕೈ ಸೊಟ್ಟಗಾಗದ 5ರಿಂದ 15 ವರ್ಷದ 270 ಮಕ್ಕಳ ಈ ಅಧ್ಯಯನ 2023ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಪ್ರಕಟವಾಯಿತು. ನಾಲ್ಕು ವಾರಗಳ ನಂತರ ಕೈ ಎಷ್ಟು ಚೆನ್ನಾಗಿ ಆಡುತ್ತದೆ ಎಂದು ಅಳೆದರೆ, ಎಕ್ಸ್‌ರೇ ಮಾಡಿಸಿಕೊಂಡವರಿಗಿಂತ ಮೊದಲು ಅಲ್ಟ್ರಾಸೌಂಡ್ ಮಾಡಿಸಿಕೊಂಡವರು ಹಿಂದೆ ಬಿದ್ದಿರಲಿಲ್ಲ.

ವಿಧಾನ ಸರಳ. ಧಾರಾಳವಾಗಿ ಜೆಲ್ ಹಚ್ಚಿ, ಒತ್ತದೆ, ಪ್ರೋಬ್ ಅನ್ನು ಮಣಿಕಟ್ಟಿನ ಮೇಲೆ ತೇಲಿಸಬೇಕು. ಪರದೆಯಲ್ಲಿ ಮೂಳೆಯ ಮೈ ಬಿಳಿ ಗೆರೆಯಾಗಿ ಕಾಣುತ್ತದೆ. ಗೆರೆಯಲ್ಲಿ ಮೆಟ್ಟಿಲು ಬಿದ್ದಿದ್ದರೆ ಮುರಿತ; ಆಗ ಎಕ್ಸ್‌ರೇ ಬೇಕೇ ಬೇಕು. ಗೆರೆ ತುಂಡಾಗದೆ ಬರೀ ಉಬ್ಬಿದ್ದರೆ ‘ಬಕಲ್’. ಮಕ್ಕಳ ಮೂಳೆ ಹಸಿ ಕಡ್ಡಿ ಇದ್ದಂತೆ, ಪಟ್ಟನೆ ಮುರಿಯದೆ ಮಡಿಕೆ ಬೀಳುತ್ತದೆ. ಇದಕ್ಕೆ ಮೆತ್ತನೆಯ ಬ್ಯಾಂಡೇಜೇ ಸಾಕೆಂದು ಬ್ರಿಟನ್ನಿನಲ್ಲಿ 965 ಮಕ್ಕಳ ಮೇಲೆ ನಡೆದ ಪ್ರಯೋಗ 2022ರಲ್ಲೇ ತೋರಿಸಿದೆ. ಮೊಣಕೈಯ ಮಾತು ಬೇರೆ; ಅಲ್ಲಿ ಇಷ್ಟು ಧೈರ್ಯ ಸಲ್ಲದು.

ಹಾಗಿದ್ದರೆ ನಮ್ಮಲ್ಲಿ ತಡವೇಕೆ? ಯಂತ್ರದ ಬೆಲೆಯೊಂದೇ ಕಾರಣವಲ್ಲ. 1994ರ ಭ್ರೂಣಲಿಂಗ ಪತ್ತೆ ನಿಷೇಧ ಕಾನೂನು ಅಲ್ಟ್ರಾಸೌಂಡ್ ಯಂತ್ರವನ್ನು ಹೆಚ್ಚುಕಡಿಮೆ ಬಂದೂಕಿನಂತೆ ಕಾಣುತ್ತದೆ: ನೋಂದಣಿಯಾಗದ ಜಾಗದಲ್ಲಿ ಇಡುವಂತಿಲ್ಲ, ಕೈಯಲ್ಲಿ ಹಿಡಿದು ಎಲ್ಲೆಂದರಲ್ಲಿ ಒಯ್ಯುವಂತಿಲ್ಲ. ಇದು ಅತಿಯಾಯಿತು ಎನ್ನುವವರಿಗೆ ಮಂಡ್ಯವನ್ನು ನೆನಪಿಸಬೇಕು. ಅಲ್ಲಿ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ನಡೆಸುತ್ತಿದ್ದ ಜಾಲ ಬಯಲಾದದ್ದೂ 2023ರಲ್ಲೇ. ಬೆಲ್ಲ ಕಾಯಿಸುವ ಜಾಗದಲ್ಲಿ ಹೆಣ್ಣುಭ್ರೂಣ ಹುಡುಕಿದ ನಾಡು ನಮ್ಮದು. ಕಾನೂನು ಸಡಿಲಿಸಿ ಎಂದು ನಾನಂತೂ ಹೇಳಲಾರೆ.

ಸಡಿಲಿಸುವ ಅಗತ್ಯವೂ ಇಲ್ಲ. ನೋಂದಾಯಿತ ತಾಲ್ಲೂಕು ಆಸ್ಪತ್ರೆಯ ತುರ್ತು ಕೋಣೆಯಲ್ಲೇ ಒಂದು ಯಂತ್ರ ಇರಲಿ. ಮಣಿಕಟ್ಟಿಗೆ ಬೇಕಾದ ಚಪ್ಪಟೆ ಪ್ರೋಬ್ ಕೆಲವೇ ಸೆಂಟಿಮೀಟರ್ ಆಳ ನೋಡುತ್ತದೆ. ಬಸಿರು ನೋಡಲು ಸಾಮಾನ್ಯವಾಗಿ ಬಳಸುವ ಬಾಗಿದ ಪ್ರೋಬ್ ಅನ್ನು ಆ ಯಂತ್ರಕ್ಕೆ ಜೋಡಿಸಲಾಗದಂತೆ ಬೀಗ ಹಾಕಬಹುದು. ಪ್ರತಿ ಸ್ಕ್ಯಾನ್‌ನ ಲೆಕ್ಕವೂ ಇರಲಿ. ನಿಜವಾದ ಕಗ್ಗಂಟು ಇರುವುದು ಪ್ರೋಬ್ ಹಿಡಿಯುವ ಕೈ ಯಾರದು ಎಂಬಲ್ಲಿ. ಕ್ವೀನ್ಸ್‌ಲ್ಯಾಂಡ್‌ನಲ್ಲಿ ತರಬೇತಿ ಪಡೆದ ನರ್ಸ್‌ಗಳು, ಫಿಸಿಯೋಥೆರಪಿಸ್ಟ್‌ಗಳೂ ಅದನ್ನು ಹಿಡಿದಿದ್ದರು. ನಮ್ಮಲ್ಲಿ ತುರ್ತು ಕೋಣೆಯ ವೈದ್ಯರೇ ಹಿಡಿಯಲು ಹಿಂದೇಟು ಹಾಕುತ್ತಾರೆ. ಮೂಳೆ ಕಾಣದಿದ್ದರೆ ಎಂಬ ಅಳುಕಿಗಿಂತ, ಭ್ರೂಣಲಿಂಗ ಕಾನೂನಿನ ಕಾಗದಪತ್ರದಲ್ಲಿ ಎಲ್ಲಿ ತಪ್ಪುತ್ತದೋ ಎಂಬ ಭಯವೇ ಅವರಿಗೆ ಹೆಚ್ಚು.